ಹಣೆಗೆ ಭಂಡಾರ, ಬಾಯಿಗೆ ಬೀಗ

ಜಮಖಂಡಿಯ ಹಲ್ಲಿನ ಡಾಕ್ಟರು ಬಾಯಿ ತೆರೆದು ಮೂರು ಬೆರಳು ಇಡು ಅಂದರು. ಎರಡೇ ಹೋದವು. "ಗುಟ್ಕಾ ಬಿಡದಿದ್ರ ಒಂದೂ ಹೋಗಂಗಿಲ್ಲ. ಆಮ್ಯಾಲೆ ರೊಟ್ಟಿನೂ ಹೋಗಂಗಿಲ್ಲ" ಅಂದರು. ಬಿ.ಎ. ಪಾಸಾದ ನನ್ನ ಬಾಯೇ ಫೇಲಾಗಿತ್ತು.

ಬಿಡುವುದೇನು, ಅದಕ್ಕೂ ಮೊದಲೇ ನಾಲ್ಕು ಸಲ ಬಿಟ್ಟಿದ್ದೆ. ಆದರೆ ಬನಹಟ್ಟಿಯ ನಮ್ಮ ಮಗ್ಗದ ಶೆಡ್ಡಿನಲ್ಲಿ ಕರೆಂಟ್ ಹೋದರೆ ಸಾಕು, ಜೊತೆಗಾರ ಈಶ್ವರ ಗುಟ್ಕಾ ಚೀಟಿ ಹರಿದು ಮುಂದೆ ಹಿಡಿಯುತ್ತಿದ್ದ. "ಮುತ್ತಣ್ಣ ಬಿಟ್ಟಾನಂತ. ಎಷ್ಟ ತಾಸಿಗೆ ಬಿಟ್ಟೀಲೇ?" ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತ ಕೈ ಚಾಚುತ್ತಿದ್ದೆ. ಬಿಟ್ಟರೂ ನಾನು ಗುಟ್ಕಾ ತಿನ್ನುವ ಮುತ್ತಣ್ಣನೇ.

ನಮ್ಮ ಓಣಿಯ ಹಣಮಪ್ಪ ಕಾಕಾನ ಮುಂದೆ ಮಾತ್ರ ಯಾರೂ ಚೀಟಿ ಹಿಡಿಯುವುದಿಲ್ಲ. ಹಣೆ ತುಂಬ ಬೀರೇಶ್ವರನ ಭಂಡಾರ, ಮಂದಿಗೆ ದೇವರ ಹೇಳಿಕೆ ಹೇಳುವವನು. ಆ ಅರಿಶಿನ ಕಂಡರೆ ಚೀಟಿ ಹಿಡಿದ ಈಶ್ವರನ ಕೈ ತಾನೇ ಕಿಸೆಗೆ ವಾಪಸ್ ಹೋಗುತ್ತದೆ. ಒಂದು ಸೋಮವಾರ ನಾನೂ ಬಳಿದುಕೊಂಡೆ. ಕಾಕಾನ ಹಾಗೆ ಕಣ್ಣು ಅರ್ಧ ಮುಚ್ಚಿ ಗಂಟಲಿನಿಂದ ಮಾತಾಡಿದೆ. ಅಣಕ ಮಾಡುವುದು ನನಗೆ ಹುಟ್ಟಿದಾಗಿನಿಂದ ಬಂದ ವಿದ್ಯೆ.

ತಿಂಗಳಾಯಿತು. ಯಾರೂ ಕೊಡಲಿಲ್ಲ, ನಾನೂ ತಿನ್ನಲಿಲ್ಲ. ಆದರೆ ಶೆಡ್ಡಿನಲ್ಲಿ ನೂಲು ಸುತ್ತುವ ಕರೆವ್ವ ಬಂದು ಕಾಲು ಮುಟ್ಟಿದಳು. "ಯಪ್ಪಾ, ಮಗಳ ಲಗ್ನ ಕೂಡತೈತೇನ್ರಿ?"

"ಕೂಡತೈತಿ, ಹೋಗವ್ವ" ಅಂತ ಕಾಕಾನ ದನಿ ನನ್ನ ಬಾಯಿಂದ ಹೊರಬಿತ್ತು. ಎಂಟು ದಿನದಲ್ಲಿ ಮುಧೋಳದ ಗಂಡಿನ ಕಡೆಯವರು ಒಪ್ಪಿಬಿಟ್ಟರು. ಆಮೇಲೆ ನನ್ನ ಬಾಗಿಲಿಗೆ ಮಂದಿಯೋ ಮಂದಿ.

ಹೆಂಡತಿ ವೈಶಾಲಿ ಚಹಾ ಕೊಡುತ್ತ ಕೇಳಿದಳು, "ನೀವು ದೇವರ ಮನಷ್ಯಾರೋ ನಾಟಕದ ಮನಷ್ಯಾರೋ? ನಾ ಯಾರ ಜೋಡಿ ಸಂಸಾರ ಮಾಡಾಕತ್ತೇನಿ?"

ನನಗೂ ಗೊತ್ತಿರಲಿಲ್ಲ. ಭಂಡಾರ ಸುಳ್ಳು, ತಿನ್ನದಿರುವುದು ಖರೆ. ಸುಳ್ಳು ತೊಳೆದರೆ ಖರೆನೂ ತೊಳೆದು ಹೋದೀತೇ?

ಕೊನೆಗೆ ಹಣೆ ತೊಳೆದುಕೊಂಡು ಕಾಕಾನ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಕಾಕಾ ಬೈಯಲಿಲ್ಲ. ಬಾಗಿಲು ಎಳೆದು ಮುಚ್ಚಿ, ರುಮಾಲಿನ ಮಡಿಕೆಯಿಂದ ಗುಟ್ಕಾ ಚೀಟಿ ತೆಗೆದ.

"ನನಗ ಯಾರೂ ಕೊಡಂಗಿಲ್ಲಪಾ. ಯಾರಿಗೂ ಗೊತ್ತಾಗದಂಗ ರಬಕವಿಗೆ ಹೋಗಿ ನಾನ ತರತೇನಿ. ಹಣಿ ತೊಳಕೊಂಡ ಬಂದೀಯಲ್ಲ, ತಗೋ."

ವಾಸನೆಗೆ ಬಾಯಲ್ಲಿ ನೀರೂರಿತು.

"ನಾ ತಿನ್ನಂಗಿಲ್ರಿ ಕಾಕಾ."

ಕಾಕಾ ಚೀಟಿ ಬಾಯಿಗೆ ಸುರುವಿಕೊಂಡು ನನ್ನನ್ನೇ ನೋಡಿದ. "ಇದ ಯಾರ ದನಿಪಾ?"

ಯೋಚಿಸಿದೆ. ಕಾಕಾನದಲ್ಲ, ಈಶ್ವರನದಲ್ಲ, ಡಾಕ್ಟರದೂ ಅಲ್ಲ. ನನಗೆ ಅಣಕಿಸಲು ಬರುವ ಯಾವ ದನಿಯೂ ಅದಲ್ಲ. ಚಪ್ಪಲಿ ಮೆಟ್ಟಿ, ಅದನ್ನೇ ಇನ್ನೊಮ್ಮೆ ಅಂದು ನೋಡುತ್ತ ಮನೆಯ ಕಡೆ ನಡೆದೆ.