ಲಕ್ಷ್ಮೀಪತಿಯ ಮೂರು ಟ್ರೇಲರಿನ ಲಾರಿ

ಲಕ್ಷ್ಮೀಪತಿ ತೀರಿಕೊಂಡ ಸುದ್ದಿ ಬಂದಾಗ ನಾನು ರಾಯಕೋಟೆಯ ಭಜನೆ ಮಂದಿರದಲ್ಲಿ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ಅವನು ನನ್ನ ತಮ್ಮ. ನಮ್ಮಿಬ್ಬರಿಗೆ ಬೇರೆ ಒಡಹುಟ್ಟಿದವರಿರಲಿಲ್ಲ. ಫೋನ್ ಮಾಡಿದವಳು ಅವನ ಮಗಳು ಸೌಮ್ಯ. “ದೊಡ್ಡಪ್ಪ, ಅಪ್ಪ ಹೋಗ್ಬುಟ್ರು” ಎಂದಳು. ಅಷ್ಟಕ್ಕೇ ಫೋನನ್ನು ಪಕ್ಕದಲ್ಲಿದ್ದ ಯಾರಿಗೋ ಕೊಟ್ಟಳು. ಬೆಳಿಗ್ಗೆ ಕಾಫಿ ಕುಡಿದವನು ಕುರ್ಚಿಯಲ್ಲೇ ಒರಗಿಕೊಂಡನೆಂದೂ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತೆಂದೂ ಆ ಮನುಷ್ಯ ತಮಿಳಿನಲ್ಲಿ ಹೇಳಿದ.

ಸೂತಕ ಬಂದಮೇಲೆ ದೀಪ ಮುಟ್ಟುವಂತಿಲ್ಲ. ಎಣ್ಣೆಯ ಗಿಂಡಿಯನ್ನೂ ಬತ್ತಿಗಳನ್ನೂ ಎದುರು ಮನೆಯವರ ಕೈಗೆ ಒಪ್ಪಿಸಿ ಹೊಸೂರಿನ ಬಸ್ಸು ಹತ್ತಿದೆ. ನನ್ನ ಹೆಂಡತಿ ಪಿಳ್ಳಮ್ಮ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಬಸ್ಸಿನ ಕಿಟಕಿಯಿಂದ ಟೊಮೆಟೊ ಹೊಲಗಳು ಕಾಣುತ್ತಿದ್ದವು. ನಾನು ನಮ್ಮ ಮನೆದೇವರು ಬೇಟೆರಾಯಸ್ವಾಮಿಯ ಹೆಸರು ಹೇಳಿಕೊಳ್ಳಲು ನೋಡಿದೆ. ನಾಲಿಗೆ ಆಡಿತು, ಮನಸ್ಸು ಜೊತೆಗೆ ಬರಲಿಲ್ಲ.

ತಮ್ಮನ ಮನೆಯಿದ್ದ ಅವಲಪಲ್ಲಿಯ ಆಚೆ, ನಮ್ಮವರ ಹೊಲದಲ್ಲಿ ಮಣ್ಣು ಮಾಡಿದೆವು. ಮೂರನೆಯ ದಿನ ಹಾಲುತುಪ್ಪ. ಸಮಾಧಿಯ ಮೇಲೆ ಎಲೆ ಹಾಕಿ ಅನ್ನ, ವಡೆ, ಪಾಯಸ ಎಲ್ಲ ಬಡಿಸಿದ್ದರು. ದಾಸಯ್ಯ ಶಂಖ ಊದಿ, ಜಾಗಟೆ ಹೊಡೆದು ಪಕ್ಕಕ್ಕೆ ನಿಂತ. ಹೊಂಗೆ ಮರದಲ್ಲಿ ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ.

ಎಡೆಯನ್ನು ಕಾಗೆ ಮುಟ್ಟದಿದ್ದರೆ ಹೋದವನಿಗೆ ಏನೋ ಆಸೆ ಉಳಿದಿದೆ ಎಂದು ನಮ್ಮಲ್ಲಿ ನಂಬಿಕೆ. ಒಬ್ಬೊಬ್ಬರು ಒಂದೊಂದು ಹೇಳತೊಡಗಿದರು. ಬೀಡಿ ಹಚ್ಚಿ ಇಟ್ಟದ್ದಾಯಿತು. ಮಗಳನ್ನು ನಾವೆಲ್ಲ ನೋಡಿಕೊಳ್ಳುತ್ತೇವೆ ಎಂದು ಅವಳ ಸೋದರಮಾವ ಕೂಗಿ ಹೇಳಿದ್ದಾಯಿತು. ನಮ್ಮ ದಾಯಾದಿ ಮುನೀಶ್, “ಟೀ ಇಡ್ರಲಾ, ಸಕ್ಕರೆ ಜಾಸ್ತಿ ಹಾಕಿ. ಇನ್ ಶುಗರ್ ಏನ್ ಮಾಡ್ತದೆ ಅವನ್ಗೆ?” ಎಂದ. ಅಳುತ್ತಿದ್ದವರೂ ಸ್ವಲ್ಪ ನಕ್ಕರು. ಟೀ ಬಂತು, ಆರಿತು. ಕಾಗೆ ಕದಲಲಿಲ್ಲ.

ಆಗ ನನಗೆ ಅವನ ಹಿತ್ತಲ ಕೋಣೆ ನೆನಪಾಯಿತು. ಲಕ್ಷ್ಮೀಪತಿ ಕೃಷ್ಣಗಿರಿಯಿಂದ ಬೊಂಬಾಯಿಯವರೆಗೆ ಲಾರಿ ಓಡಿಸಿದವನು. ಸಕ್ಕರೆ ಕಾಯಿಲೆಗೆ ಕಣ್ಣು ಮಂಜಾದ ಮೇಲೆ ಮನೆಯಲ್ಲಿ ಕೂತು ಪ್ಲೈವುಡ್ಡು, ತಗಡು ಕತ್ತರಿಸಿ ಮೊಳದುದ್ದದ ಲಾರಿಗಳನ್ನು ಮಾಡುತ್ತಿದ್ದ. ಕೊನೆಯದು ಅರ್ಧಕ್ಕೆ ನಿಂತಿತ್ತು. ನಾನು ಎಲೆಯ ಮುಂದೆ ಹೋಗಿ, “ಲಕ್ಷ್ಮೀಪತಿ, ನಿನ್ ಲಾರಿ ನಾನ್ ಮುಗಿಸ್ತೀನಿ ಕಣ್ಲಾ. ಉಣ್ಣು” ಎಂದೆ.

ಒಂದು ಕಾಗೆ ಇಳಿದು ವಡೆ ಕಚ್ಚಿತು. ದಾಸಯ್ಯ ಮತ್ತೆ ಶಂಖ ಊದಿದ.

ಕೊಟ್ಟ ಮಾತಿನ ಭಾರ ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರು ಹೊರಟ ಮೇಲೆ ಗೊತ್ತಾಯಿತು. ಮಾಮೂಲಿ ಲಾರಿ, ನಾಲ್ಕು ದಿನದ ಕೆಲಸ ಎಂದುಕೊಂಡು ಕೋಣೆಗೆ ಹೋದೆ. ಎಂಜಿನ್ ಇರುವ ತಲೆಭಾಗ ಮುಗಿದಿತ್ತು. ಅದರ ಮೂತಿಗೆ ದಾರದಲ್ಲಿ ಮೆಣಸಿನಕಾಯಿ ಕೂಡ ಕಟ್ಟಿದ್ದ. ಒಂದು ಟ್ರೇಲರಿಗೆ ಬಣ್ಣವೂ ಆಗಿತ್ತು. ಆದರೆ ಬೆಂಚಿನ ಕೆಳಗೆ ಇನ್ನೂ ಎರಡು ಟ್ರೇಲರುಗಳು, ಒಂದು ಚೀಲದ ತುಂಬ ಚಕ್ರಗಳು. ಒಂದು ಲಾರಿಗೆ ಇಷ್ಟು ಚಕ್ರ ಯಾಕೆ? ಸ್ಟೆಪ್ನಿಗಿರಬಹುದು ಎಂದು ತಮ್ಮನ ಹೆಂಡತಿ ನಾಗವೇಣಿ ಹೊರಗಿನಿಂದಲೇ ಹೇಳಿದಳು. ಅವಳು ಆ ಕೋಣೆಯ ಹೊಸ್ತಿಲು ದಾಟಿದವಳಲ್ಲ.

ಸಂಜೆ ಫ್ಯಾಕ್ಟರಿಯಿಂದ ಬಂದ ಸೌಮ್ಯ ತನ್ನ ಫೋನಿನಲ್ಲಿ ಚಿತ್ರಗಳನ್ನು ತೋರಿಸಿದಳು. ಆಸ್ಟ್ರೇಲಿಯಾ ದೇಶದ ಲಾರಿಗಳಂತೆ. ಒಂದೇ ಎಂಜಿನ್ನು, ಹಿಂದೆ ಮೂರು ಟ್ರೇಲರು, ರೈಲಿನ ಹಾಗೆ. ಸುತ್ತ ಕೆಂಪು ನೆಲ. ಮನೆಯಿಲ್ಲ, ಮರವಿಲ್ಲ, ಮನುಷ್ಯರಿಲ್ಲ. ಅಪ್ಪ ಇದನ್ನೇ ದಿನವೂ ನೋಡುತ್ತಿದ್ದರು, ಕಣ್ಣು ಕಾಣದಿದ್ದರೆ ನನ್ನಿಂದ ಹೇಳಿಸಿಕೊಳ್ಳುತ್ತಿದ್ದರು ಎಂದಳು. ನಾಲ್ಕು ಜನರಿಲ್ಲದೆ ಟೀ ಕೂಡ ಕುಡಿಯದವನು ಇಂಥ ದಾರಿಯ ಲಾರಿಯನ್ನು ಏಕೆ ಹಿಡಿದನೋ ನನಗೆ ತಿಳಿಯಲಿಲ್ಲ.

ನಾನು ಕೆಲಸಕ್ಕೆ ಕೂತೆ. ಮೊದಲ ಟ್ರೇಲರು ಎಂಜಿನ್ನಿನ ಬೆನ್ನ ಮೇಲಿನ ತಟ್ಟೆಗೆ ಸರಿಯಾಗಿ ಕೂತಿತು. ಎರಡನೆಯದನ್ನು ಮೊದಲನೆಯದರ ಬಾಲಕ್ಕೆ ಮೊಳೆ ಹೊಡೆದು ಸೇರಿಸಿದೆ. ಅದಕ್ಕೆ ಮುಂದಿನ ಚಕ್ರಗಳಿಲ್ಲ, ಮೂತಿ ನೆಲಕ್ಕೆ ಬಿತ್ತು. ಚೀಲದ ತಳದಲ್ಲಿ ಎರಡು ಸಣ್ಣ ಚೌಕಟ್ಟುಗಳಿದ್ದವು. ಕೆಳಗೆ ಚಕ್ರ, ಮೇಲೆ ತಟ್ಟೆ. ಮೂತಿಯ ಕೆಳಗೆ ಇಟ್ಟರೆ ಟ್ರೇಲರು ನಿಲ್ಲುತ್ತಿತ್ತು. ಆದರೆ ಆ ಚೌಕಟ್ಟನ್ನು ಮುಂದಿನದು ಎಳೆಯುವುದಕ್ಕೆ ನಡುವೆ ಏನೂ ಇರಲಿಲ್ಲ. ಫೋನಿನ ಚಿತ್ರಗಳಲ್ಲಿ ಆ ಜಾಗ ಯಾವಾಗಲೂ ಧೂಳಿನಲ್ಲೋ ನೆರಳಿನಲ್ಲೋ ಇರುತ್ತಿತ್ತು.

“ದೊಡ್ಡಪ್ಪ, ಒಂದ್ ಟ್ರೇಲರ್‌ಗೇ ನಿಲ್ಲಿಸ್ಬಿಡಿ. ಅದೂ ಲಾರಿನೇ ಅಲ್ವಾ? ಯಾರ್ ಕೇಳ್ತಾರೆ?” ಎಂದಳು ಸೌಮ್ಯ.

ನನ್ನ ಕಷ್ಟ ನೋಡಲಾರದೆ ಹೇಳಿದ ಮಾತು ಅದು. ನಿಜವಾಗಿಯೂ ಯಾರೂ ಕೇಳುತ್ತಿರಲಿಲ್ಲ. ಆದರೆ ನಾನು ಕೊಟ್ಟದ್ದು ಒಂದು ಟ್ರೇಲರಿನ ಮಾತಲ್ಲ, ಅವನ ಲಾರಿಯ ಮಾತು. ಅದನ್ನು ನಂಬಿ ಅವನು ಎಡೆ ಸ್ವೀಕರಿಸಿದ್ದ. ಈಗ ಮಾತು ತಪ್ಪಿದರೆ ಅವನ ಎಲೆಯಿಂದ ಅನ್ನ ಕಿತ್ತುಕೊಂಡ ಹಾಗಾಗುತ್ತದೆ ಎಂದು ನನಗೆ ಹೆದರಿಕೆಯಾಯಿತು.

ಮಾರನೆಯ ದಿನ ಶೂಲಗಿರಿಯ ಬಸ್ಸು ಹಿಡಿದೆ. ಅಲ್ಲಿ ಹೆದ್ದಾರಿಯ ಪಕ್ಕ ಉದ್ದನೆಯ ಟ್ರೇಲರುಗಳು ತಂಗುತ್ತವೆ. ನಾನು ಒಂದೊಂದರ ಕೆಳಗೂ ಬಗ್ಗಿ ನೋಡುತ್ತ ನಡೆದೆ. ಒಬ್ಬ ಕ್ಲೀನರು ಏನು ಕಳೆದುಕೊಂಡಿರಿ ತಾತ ಎಂದು ತಮಿಳಿನಲ್ಲಿ ಕೇಳಿದ. ಇನ್ನೊಬ್ಬ ಡೀಸೆಲ್ ಕಳ್ಳನೆಂದು ತಿಳಿದು ತೆಲುಗಿನಲ್ಲಿ ಗದರಿದ. ಎಲ್ಲದಕ್ಕೂ ಒಂದೇ ಟ್ರೇಲರು. ನನಗೆ ಬೇಕಾದ ಜೋಡಣೆ ಎಲ್ಲೂ ಇರಲಿಲ್ಲ. ಬಿಸಿಲಿಗೆ ತಲೆ ಸುತ್ತಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆ.

ಅಂಗಡಿಯವನು ಅಲ್ಲೇ ಕೂತಿದ್ದ ಒಬ್ಬ ಡ್ರೈವರನ್ನು ತೋರಿಸಿದ. ಹೆಸರು ಅಂಜನಪ್ಪ. ಗಾಳಿಯಂತ್ರದ ದೊಡ್ಡ ರೆಕ್ಕೆಗಳನ್ನು ಸಾಗಿಸುವ ಟ್ರೇಲರು ಅವನದು. ಮೂರು ಟ್ರೇಲರನ್ನು ಒಂದಕ್ಕೊಂದು ಜೋಡಿಸುವುದು ಹೇಗೆಂದು ಕೇಳಿದಾಗ ಅವನು ನನ್ನ ಮುಖವನ್ನೇ ನೋಡಿದ.

“ಯಜಮಾನ್ರೆ, ನೀವ್ ಲಕ್ಷ್ಮೀಪತಿ ಅವರಣ್ಣನಾ? ಗಾಡಿ ಮಾಡೋರು?”

ಹೌದೆಂದೆ. ನಮ್ಮದು ಬೇಸಾಯದ ಮನೆಯಾದರೂ ನಾನು ರಾಯಕೋಟೆಯ ಆಚಾರಿಯೊಬ್ಬರ ಕೈಕೆಳಗೆ ಎತ್ತಿನಗಾಡಿ ಕೆಲಸ ಕಲಿತು ಅದರಲ್ಲೇ ಬದುಕಿದವನು. ಲಕ್ಷ್ಮೀಪತಿ ಇನ್ನಿಲ್ಲವೆಂದು ಹೇಳಿದೆ. ಅಂಜನಪ್ಪ ಟೀ ಲೋಟವನ್ನು ಕೆಳಗಿಟ್ಟ.

ಆಮೇಲೆ ಹೇಳಿದ. ತಮ್ಮ ಇಲ್ಲಿಗೆ ಎಷ್ಟೋ ಸಲ ಬಂದಿದ್ದನಂತೆ. ಇದೇ ಬೆಂಚಿನಲ್ಲಿ ಕೂತು ಎಲ್ಲ ಡ್ರೈವರುಗಳ ತಲೆ ತಿನ್ನುತ್ತಿದ್ದನಂತೆ. ಆ ದೇಶದಲ್ಲಿ ಹಗಲೆಲ್ಲ ಓಡಿಸಿದರೂ ಒಂದು ಟೀ ಅಂಗಡಿ ಸಿಗುವುದಿಲ್ಲ ಎಂದು ಯಾರೋ ಹೇಳಿದಾಗ, ಹಾಗಾದರೆ ಮೂರನೆಯ ಟ್ರೇಲರಿನಲ್ಲಿ ಟೀ ಅಂಗಡಿಯನ್ನೇ ಹಾಕಿಕೊಂಡು ಹೋಗುತ್ತೇನೆ ಎಂದನಂತೆ. ಜೋಡಣೆ ಹೇಗೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಬ್ಬಿನ ಟ್ರ್ಯಾಕ್ಟರು ಎರಡು ಟ್ರೇಲರು ಎಳೆಯುವುದನ್ನು ನೋಡಿ ತಿಳಿದುಕೊಂಡಿದ್ದ.

“ಗೊತ್ತಿದ್ದು ಯಾಕೆ ಮಾಡ್ಲಿಲ್ಲ?” ಎಂದೆ.

“ನಾನೂ ಕೇಳ್ದೆ. ಅದು ಗಾಡಿ ಮೂಕಿ ಕಣಪ್ಪ, ಅದ್ನ ನಮ್ಮಣ್ಣನೇ ಹಾಕ್ಬೇಕು ಅಂದ್ರು. ನಮ್ಮತ್ತಿಗೇದು ವರ್ಷ ತುಂಬ್ಲಿ, ಆಮೇಲೆ ಕರ್ಕೊಂಬತ್ತೀನಿ, ಒಬ್ನೇ ಕೂತವ್ನೆ ಅಲ್ಲಿ, ಅಂದ್ರು.”

ಮೂಕಿ ಎಂದರೆ ಗಾಡಿಯನ್ನು ನೊಗಕ್ಕೆ ಸೇರಿಸುವ ಉದ್ದ ಮರ, ನನ್ನ ಕೈಯ ಕೆಲಸ. ಮನೆಯಲ್ಲಿ ಸಾವಾದ ವರ್ಷ ಹೊಸ ಗಾಡಿಗೆ ಉಳಿ ಹಾಕಬಾರದೆಂಬುದು ನಾನು ಕೆಲಸ ಕಲಿತ ಆಚಾರಿಯ ಕೊಟ್ಟಿಗೆಯ ಕಟ್ಟಳೆ. ಪಿಳ್ಳಮ್ಮ ಹೋದ ದಿನವೇ ನನ್ನ ಉಳಿ ಬಾಚಿಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದಲ್ಲಿಟ್ಟಿದ್ದೆ. ಅದು ಅವನಿಗೆ ಗೊತ್ತಿತ್ತು. ಅದಕ್ಕೇ ಕಾದಿದ್ದ.

ಅಂಜನಪ್ಪ ಎದ್ದು ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದ. ಮೂಕಿ ಗಿಡ್ಡವಾದರೆ ತಿರುವಿನಲ್ಲಿ ಒಂದರ ಮೂಲೆ ಇನ್ನೊಂದಕ್ಕೆ ತಾಕುತ್ತದೆ, ಉದ್ದವಾದರೆ ಬಾಲ ರಸ್ತೆಯ ಆಚೆ ಹೋಗುತ್ತದೆ. ಗಾಡಿಯಲ್ಲಾದರೆ ಎತ್ತಿನ ಉದ್ದ ನೋಡಿ ಮೂಕಿ ಇಳಿಸುತ್ತೇವೆ. ಇಲ್ಲಿ ನಡುವೆ ಎತ್ತಿಲ್ಲ. ತಿರುವನ್ನೇ ನೋಡಬೇಕು. “ಮುಂದಕ್ಕೆ ಚೆನ್ನಾಗ್ ಓಡ್ತದೆ ಯಜಮಾನ್ರೆ. ರಿವರ್ಸ್ ಮಾತ್ರ ಕೇಳ್ಬೇಡಿ, ಎಂಥ ಡ್ರೈವರ್‌ಗೂ ಆಗಲ್ಲ” ಎಂದ. ಟೀಗೆ ನನ್ನ ಕೈಯಿಂದ ಕಾಸು ಕೊಡಿಸಲಿಲ್ಲ.

ರಾಯಕೋಟೆಗೆ ಹೋಗಿ ಅಟ್ಟದಿಂದ ಗಂಟು ಇಳಿಸಿದೆ. ಪಿಳ್ಳಮ್ಮನ ವರ್ಷ ತುಂಬುವ ಮೊದಲೇ ತಮ್ಮನದು ಶುರುವಾಗಿತ್ತು. ಕಟ್ಟಳೆ ನೋಡಿದರೆ ಇನ್ನೂ ಒಂದು ವರ್ಷ ಉಳಿ ಮುಟ್ಟುವಂತಿರಲಿಲ್ಲ. ದಾಸಯ್ಯನನ್ನು ಕೇಳಿದೆ. “ಚಟ್ಟಕ್ಕೆ ಬಿದಿರು ಸೀಳಲ್ವಾ? ಹೋದೋರ ಕೆಲ್ಸಕ್ಕೆ ಸೂತಕ ಇಲ್ಲ, ಮಾಡು” ಎಂದ. ಪಿಳ್ಳಮ್ಮನ ತಿಥಿ ಮುಗಿಸಿ, ಹಳೆಯ ಗಾಡಿಯ ಮುರಿದ ಜಾಲಿಮರದ ತುಂಡನ್ನು ಕಟ್ಟಿಕೊಂಡು ಅವಲಪಲ್ಲಿಗೆ ಬಂದೆ.

ಬೆರಳುದ್ದದ ಮೂಕಿಗಳು ಎರಡು. ಜಾಲಿ ಗಟ್ಟಿ ಮರ, ನನ್ನ ಕೈ ಈಗ ಗಟ್ಟಿಯಲ್ಲ. ಮೊದಲನೆಯದು ಸೀಳಿತು. ಮತ್ತೊಂದು ಗಿಡ್ಡವಾಯಿತು. ಕೆತ್ತುವುದು, ಅಂಗಳಕ್ಕೆ ತಂದು ಎಳೆದು ತಿರುಗಿಸುವುದು, ಮೂಲೆ ತಾಕಿದರೆ ಮತ್ತೆ ಒಳಗೆ. ಇಬ್ಬರ ಕೆಲಸ ಅದು. ಒಬ್ಬ ಎಳೆಯಬೇಕು, ಒಬ್ಬ ಬಗ್ಗಿ ಮೂಲೆ ನೋಡಬೇಕು. ನಾನು ಎಳೆದು, ನಿಲ್ಲಿಸಿ, ಹಿಂದಕ್ಕೆ ನಡೆದು ಹೋಗಿ ನೋಡುತ್ತಿದ್ದೆ.

ಮಹಾಲಯ ಅಮಾವಾಸ್ಯೆಯ ಹಿಂದಿನ ಸಂಜೆ ಹಾಗೆ ಎಳೆಯುತ್ತಿರುವಾಗ ನಾಗವೇಣಿ ಬಾಗಿಲಲ್ಲಿ ಬಂದು ನಿಂತಳು. ನಾನು ನೀರಿನ ಡ್ರಮ್ಮಿನ ಸುತ್ತ ತಿರುಗಿಸಿದೆ. ತಲೆಭಾಗ ತಿರುಗಿತು. ಒಂದನೆಯದು ತಿರುಗಿತು, ಎರಡನೆಯದು, ಕೊನೆಯದು. ಎಲ್ಲೂ ತಾಕಲಿಲ್ಲ.

“ನೋಡ್ಲಾ” ಎಂದು ನನ್ನ ಬಾಯಿಂದ ಬಂತು. ಪಕ್ಕದಲ್ಲಿ ಯಾರೂ ಇರಲಿಲ್ಲ.

ನಾಗವೇಣಿ, “ಇನ್ನೊಂದ್ ಸುತ್ತು ತಿರುಗ್ಸಿ ಭಾವ” ಎಂದಳು. ತಿರುಗಿಸಿದೆ. ಅವಳು ಕೆಳಗೆ ಬಂದು ಕೊನೆಯ ಟ್ರೇಲರಿನ ಮೇಲಿದ್ದ ಮರದ ಹೊಟ್ಟನ್ನು ಸೆರಗಿನಿಂದ ಒರೆಸಿದಳು.

ಮಾರನೆಯ ದಿನ ಹಿರಿಯರಿಗೆ ಎಡೆ ಇಟ್ಟಾಗ ಪಿಳ್ಳಮ್ಮನ ಸೀರೆಯ ಪಕ್ಕದಲ್ಲಿ ಆ ಲಾರಿಯನ್ನೂ ಉದ್ದಕ್ಕೆ ಇರಿಸಿದೆವು. ಎಲ್ಲರೂ ಕೈಮುಗಿದು ಹೊರಗೆ ಹೋಗಿ, ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚುವ ಮೊದಲು ನಾನೊಬ್ಬನೇ ಒಂದು ಗಳಿಗೆ ನಿಂತೆ.

ಬೇಟೆರಾಯಸ್ವಾಮಿ, ನನ್ನ ತಮ್ಮ ಲಕ್ಷ್ಮೀಪತಿ ಬದುಕೆಲ್ಲ ರಸ್ತೆಯಲ್ಲಿ ಕಳೆದವನು. ಅವನ ಕೆಲಸ ಇಲ್ಲಿ ಮುಗಿದಿದೆ, ಏನೂ ಬಾಕಿಯಿಲ್ಲ. ಅವನ ಕಣ್ಣಿಗೆ ಬೆಳಕು ಕೊಡು. ಮಾತಿಗೆ ಜನ ಇರುವ ಕಡೆ ಅವನನ್ನು ಇಳಿಸು. ನಿನ್ನ ಪಾದದ ಹತ್ತಿರ ಅವನ ಜೀವ ತಣ್ಣಗಿರಲಿ, ತಂದೆ.