ಓಕ್ ಎಲೆಯೊಳಗಿನ ಹುಳ

ನನಗೆ ಹುಳದ ವಿಷಯ ಗೊತ್ತು ಅಂದುಕೊಂಡಿದ್ದೆ. ರೇಷ್ಮೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸವೆಸಿ ನಿವೃತ್ತನಾದೆ, ಈಗ ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಇಲ್ಲಿನ ಕನ್ನಡದವರ ಕರಿಬೇವಿಗೆ ಏನಾದರೂ ಆದರೆ ‘ನಂಜುಂಡಸ್ವಾಮಿ ಅಂಕಲ್‌ನ ಕೇಳಿ’ ಅನ್ನುತ್ತಾರೆ. ಕೇಳಲು ಹಿತವಾಗಿರುತ್ತದೆ, ಸುಳ್ಳೇಕೆ ಹೇಳಲಿ.

ಮೇ ತಿಂಗಳಲ್ಲಿ ಎದುರು ಮನೆಯ ಸುಮಿತ್ರವ್ವ ಕರೆದರು. ಹುಬ್ಬಳ್ಳಿಯವರು. ಮನೆ ಮುಂದಿನ ಓಕ್ ಮರದ ಎಲೆಗಳಲ್ಲಿ ಕಂದು ಮಚ್ಚೆ ಎದ್ದಿತ್ತು. ಮನೆ ಕೊಂಡ ವರ್ಷ ಗಂಡ ಹೆಂಡತಿ ತಾವೇ ಗುಂಡಿ ತೋಡಿ ನೆಟ್ಟ ಮರ. ಗಂಡ ಚನ್ನವೀರಪ್ಪನವರು ತೀರಿಕೊಂಡ ಮೇಲೆ ಆಕೆ ದಿನಾ ಸಂಜೆ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಬಡಾವಣೆಯ ಸಂಘದಿಂದ ಕಾಗದ ಬಂದಿತ್ತು: ಆಗಸ್ಟ್ ಒಳಗೆ ಮರ ಸರಿಹೋಗದಿದ್ದರೆ ಕಡಿಸಬೇಕು.

“ಸಾಹೇಬ್ರ, ಹ್ಯಾಂಗರ ಮಾಡಿ ಇದನ್ನ ಉಳಿಸಿಕೊಡ್ರಿ.”

ಎಲೆಯನ್ನು ಬಿಸಿಲಿಗೆ ಹಿಡಿದೆ. ಮೇಲಿನ ಪೊರೆಯ ಅಡಿಯಲ್ಲಿ ಅಕ್ಕಿಕಾಳಿಗಿಂತ ಸಣ್ಣ, ಚಪ್ಪಟೆ ಹುಳ ತಿರುಳು ತಿನ್ನುತ್ತಿತ್ತು. ಯಾವುದೋ ಪತಂಗದ ಮರಿ. ಮಚ್ಚೆಗಳ ಸುತ್ತ ಸಾಸಿವೆಯಷ್ಟು ಚಿಕ್ಕ ಕಣಜದ ಹುಳುಗಳು ಸುಳಿಯುತ್ತಿದ್ದವು. ರೇಷ್ಮೆಯವನಿಗೆ ಹುಳದ ಸುತ್ತ ಹಾರುವುದೆಲ್ಲ ಊಜಿ ನೊಣ. ರೇಷ್ಮೆಹುಳದ ಮೈಮೇಲೆ ಮೊಟ್ಟೆಯಿಟ್ಟು ಬೆಳೆ ಹಾಳುಮಾಡುವ ಆ ನೊಣವನ್ನು ಕೊಲ್ಲುವುದೇ ನನ್ನ ನೌಕರಿಯಾಗಿತ್ತು. ತಲೆ ಓಡುವ ಮೊದಲೇ ಕೈ ಔಷಧಿಯ ಪಂಪನ್ನು ಹುಡುಕಿತು. ಎರಡು ವಾರಕ್ಕೊಮ್ಮೆ, ಮೂರು ಸಲ, ನಾನೇ ನಿಂತು ಔಷಧಿ ಹೊಡೆದೆ.

ಜುಲೈಗೆ ಮರ ಪೂರ್ತಿ ಕಂದು ಬಣ್ಣಕ್ಕೆ ತಿರುಗಿತು.

ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಕೃಷಿ ಕಚೇರಿಯಿಂದ ಒಬ್ಬ ಹುಡುಗಿ ನೋಡಲು ಬಂದಳು. ಸುಮಿತ್ರವ್ವ ಒಳಗಿದ್ದರು. ಔಷಧಿ ಹೊಡೆದಿರಾ ಅಂತ ಕೇಳಿದಳು. ಹೌದು, ನಾನೇ, ಅಂದೆ. ಎಲೆಯೊಳಗಿನ ಹುಳಕ್ಕೆ ಅದು ತಾಗುವುದಿಲ್ಲ, ಹುಳವನ್ನು ಕೊಲ್ಲುವ ಕಣಜಗಳು ಮಾತ್ರ ಸತ್ತವು ಅಂದಳು. ಇನ್ನು ಹೊಡೆಯಬೇಡಿ, ಉದುರಿದ ಎಲೆಯಲ್ಲೇ ಹುಳ ಚಳಿಗಾಲ ಕಳೆಯುತ್ತದೆ, ಎಲ್ಲ ಗುಡಿಸಿ ಚೀಲಕ್ಕೆ ತುಂಬಿ ಸಾಗಿಸಿ, ಕಣಜಗಳು ತಾವಾಗಿ ಮರಳುತ್ತವೆ, ಮರ ಸಾಯುವುದಿಲ್ಲ ಅಂತಲೂ ಹೇಳಿದಳು.

ನಾನು ಸುಮಿತ್ರವ್ವನಿಗೆ ಹೇಳಿದ್ದು ಇಷ್ಟೇ: “ಎಲೆ ಗುಡಿಸ್ಬೇಕಂತೆ. ನೋಡೋಣ.” ಥೂ, ನನ್ನ ಜನ್ಮಕ್ಕಿಷ್ಟು.

ಆಗಸ್ಟ್‌ನಲ್ಲಿ ಸಂಘದ ಸಭೆ. ಈ ರೋಗ ಬೀದಿಯ ಮರಗಳಿಗೆಲ್ಲ ಹರಡುತ್ತದೆ, ಮುಂದಿನ ವಾರ ಕಡಿಯೋಣ ಅಂದ ಅಧ್ಯಕ್ಷ. ಹೇಳುವುದೇನಾದರೂ ಇದೆಯೇ ಎಂದು ಸುಮಿತ್ರವ್ವನನ್ನು ಕೇಳಿದ. ಆಕೆ ತಲೆ ತಗ್ಗಿಸಿ ಕೂತಿದ್ದರು, ತುಟಿ ಬಿಚ್ಚಲಿಲ್ಲ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ: ಮರಕ್ಕೆ ರೋಗವಿಲ್ಲ, ಹೊಡೆಯಬಾರದ ಔಷಧಿ ಹೊಡೆದು ಹೀಗೆ ಮಾಡಿದವನು ನಾನು, ಬೇಕಾದರೆ ಕೌಂಟಿಯವರನ್ನು ಕೇಳಿ. ಹಿಂದಿನ ಸಾಲಿನಲ್ಲಿ ನಮ್ಮವರೇ ಯಾರೋ ಮುಸಿಮುಸಿ ನಕ್ಕರು. ಅಧ್ಯಕ್ಷ ಫೋನ್ ಮಾಡಿ ವಿಚಾರಿಸಿದ. ಮುಂದಿನ ಮೇ ತಿಂಗಳವರೆಗೆ ಗಡುವು ಸಿಕ್ಕಿತು.

ಹೊರಗೆ ಬಂದ ಮೇಲೆ ಅಂದೆ, “ನಿಮಗೆ ಮೊದಲೇ ಹೇಳ್ಬೇಕಿತ್ತು, ಸುಮಿತ್ರವ್ವ. ತಪ್ಪಾಯ್ತು.”

“ಗೊತ್ತಿತ್ರಿ. ಅವತ್ತ ಆ ಹುಡುಗಿ ಬಂದಾಗ ಅಡಗಿಮನಿ ಕಿಟಕಿ ತಗದಿತ್ತು. ಎಲ್ಲಾ ಕೇಳಿಸ್ತು.”

“ಮತ್ತೆ ಸಭೆಯಲ್ಲಿ ಯಾಕೆ ಸುಮ್ನಿದ್ರಿ? ಮರ ಹೋಗ್ತಿತ್ತಲ್ಲಮ್ಮ!”

“ಹೋಗ್ತಿತ್ರಿ,” ಅಂದರು ಆಕೆ, ಕಾರಿನ ಬಾಗಿಲು ತೆಗೆಯುತ್ತ. “ಆದ್ರ ನಾನ ಕರ್ಸಿದವ್ರ ಹೆಸರು ಮಂದಿ ಮುಂದ ಹ್ಯಾಂಗ್ರಿ ಕೆಡಸ್ಲಿ?”