ಮೂರು ಮಿಲಿಮೀಟರ್

ಮೂವತ್ತೆರಡೋ, ಮೂವತ್ತೈದೋ? ಅಥವಾ ತಾನು ಅಳೆಯುತ್ತಿರುವ ರೀತಿಯೇ ತಪ್ಪೋ? ಮೋಟಾರ್‌ಸೈಕಲ್ಲಿನ ಮುಂದಿನ ಚಕ್ರದ ಪಕ್ಕ ಮಂಡಿಯೂರಿ ಕೂತಿದ್ದ ತಮ್ಮನಿಗೆ ಮೂರನೆಯ ಸಲವೂ ತಿಳಿಯಲಿಲ್ಲ. ಚಕ್ರವನ್ನು ಹಿಡಿದು ಕುಲುಕಾಟ ತಡೆಯುವ ಫೋರ್ಕಿನ ಹೊಳೆಯುವ ಕೊಳವೆಗೆ ಅವನೊಂದು ಸಣ್ಣ ಪ್ಲಾಸ್ಟಿಕ್ ಪಟ್ಟಿ ಬಿಗಿದಿದ್ದ. ಅವನೂ ಅಕ್ಕನೂ ಹತ್ತಿ ಕೂತರೆ ಫೋರ್ಕು ಕುಗ್ಗಿ ಪಟ್ಟಿಯನ್ನು ತಳ್ಳುತ್ತದೆ. ಇಳಿದ ಮೇಲೂ ಪಟ್ಟಿ ತಳ್ಳಿದಲ್ಲೇ ನಿಲ್ಲುತ್ತದೆ. ಎಷ್ಟು ಸರಿದಿದೆ ಎಂದು ನೋಡಿಕೊಂಡರೆ ಒಳಗಿನ ಹೊಸ ಸ್ಪ್ರಿಂಗು ಇಬ್ಬರ ಭಾರಕ್ಕೆ ಹೊಂದಿತೋ ಇಲ್ಲವೋ ಗೊತ್ತಾಗುತ್ತದೆ. ಮೊದಲ ಸಲ ಮೂವತ್ತೈದು ಮಿಲಿಮೀಟರ್, ಆಮೇಲೆ ಮೂವತ್ತೆರಡು, ಈಗ ಮೂವತ್ತನಾಲ್ಕು ಚಿಲ್ಲರೆ. ಹಿಂದೆ ಕೂತವರ ಭಾರ ಬಹುಪಾಲು ಹಿಂದಿನ ಚಕ್ರಕ್ಕೇ ಹೋಗುತ್ತದೆ, ಮುಂದಕ್ಕೆ ಬರುವುದು ಚೂರು. ಆ ಚೂರೇ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅವನದು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಮೂರು ಮಿಲಿಮೀಟರ್ ವ್ಯತ್ಯಾಸವನ್ನು ಹೋಗಲಿ ಬಿಡು ಎನ್ನಲು ಆ ಕೈಗೆ ಬರುತ್ತಿರಲಿಲ್ಲ.

ಅಕ್ಕ ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ಊರಾಚೆಯ ಸಮವಸ್ತ್ರ ಹೊಲಿಯುವ ಘಟಕದಲ್ಲಿ ಬಟ್ಟೆ ಕತ್ತರಿಸುವವಳು. ಸಂಜೆ ಮನೆಯಲ್ಲೂ ನೆರೆಯವರ ಅಳತೆ ತೆಗೆದು ಬಟ್ಟೆ ಕತ್ತರಿಸಿ ಕೊಡುತ್ತಾಳೆ. ನಾಲ್ಕು ತಿಂಗಳ ಹಿಂದಿನವರೆಗೆ ದಿನಾ ಬೆಳಿಗ್ಗೆ ಇವನೇ ಅವಳನ್ನು ಬಿಟ್ಟು ಅಂಗಡಿಗೆ ಹೋಗುತ್ತಿದ್ದ. ಒಂದು ದಿನ ತಳ್ಳುಗಾಡಿಯೊಂದು ಅಡ್ಡ ಬಂತು. ಬ್ರೇಕ್ ಹಿಡಿದ, ಮೋಟಾರ್‌ಸೈಕಲ್ಲಿನ ಮೂತಿ ನೆಲ ಮುಕ್ಕುವಂತೆ ಕುಸಿಯಿತು, ಕೆಳಗೆ ಬಿದ್ದ ಅಕ್ಕನ ಬಲಗೈ ಮಣಿಕಟ್ಟು ಮುರಿಯಿತು. ಸೇರಿದ ಜನರಲ್ಲಿ ಯಾರೋ ಗಾಡಿ ಎತ್ತಿ ನಿಲ್ಲಿಸಿ, ಹ್ಯಾಂಡಲ್ ಒತ್ತಿ ನೋಡಿ, ಫೋರ್ಕು ಸತ್ತುಹೋಗಿದೆ ಎಂದರು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ಅವನು ಆ ಮಾತನ್ನು ಹಿಡಿದುಕೊಂಡ. ಆಸ್ಪತ್ರೆಯಲ್ಲಿ ಅದನ್ನೇ ಹೇಳಿದ, ಮನೆಯಲ್ಲೂ ಅದನ್ನೇ. ಅಂದಿನಿಂದ ಅಕ್ಕ ಎರಡು ಬಸ್ಸು ಬದಲಿಸಿ ಹೋಗುತ್ತಾಳೆ. ಅದನ್ನು ಸರಿ ಮಾಡು, ಆಮೇಲೆ ಕೂರುತ್ತೇನೆ ಎಂದಿದ್ದಳು.

ಇವತ್ತು ಬೆಳಿಗ್ಗೆ ಫೋರ್ಕು ಬಿಚ್ಚುವಾಗ, ಒಳಗೆ ಮುರಿದದ್ದೋ ಸವೆದದ್ದೋ ಏನಾದರೂ ಸಿಗಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡಿದ್ದ. ಕೆಸರುನೀರಿನಂಥ ಎಣ್ಣೆ ಬೋಗುಣಿಗೆ ಬಿತ್ತು. ಎಣ್ಣೆ ಹಳತಾಗಿತ್ತು, ನಿಜ. ಆದರೆ ಹಳೆಯ ಎರಡೂ ಸ್ಪ್ರಿಂಗನ್ನು ಒರೆಸಿ ಅಕ್ಕನ ಟೇಪಿಟ್ಟು ಅಳೆದರೆ, ಇದಕ್ಕಿಂತ ಗಿಡ್ಡವಾದರೆ ಬದಲಿಸಿ ಎಂದು ಗಾಡಿಯ ರಿಪೇರಿ ಪುಸ್ತಕ ಹೇಳಿದ ಅಂಕಿಗಿಂತ ಆರು ಮಿಲಿಮೀಟರ್ ಉದ್ದವೇ ಇದ್ದವು. ಇನ್ನೂ ನಾಲ್ಕು ವರ್ಷ ಬಾಳುವಂಥವು. ಆದರೂ ಅವನು ತಂದಿಟ್ಟಿದ್ದ ಹೊಸವನ್ನೇ ಹಾಕಿದ್ದ. ಹಾಗಾದರೆ ಎಣ್ಣೆಯದೇ ತಪ್ಪೋ? ಎಣ್ಣೆ ಅಷ್ಟು ಮಾಡೀತೇ? ಆ ದಿನ ಫುಟ್‌ಪಾತಿನ ಮೇಲೆ ಒಬ್ಬ ಮುದುಕ ಹೋಗುತ್ತಿದ್ದ. ಅವನ ಕನ್ನಡಕ ಎಡಕ್ಕೆ ವಾಲಿತ್ತು. ಕಿವಿಯ ಹಿಂದಿನ ಕಡ್ಡಿ ಒಂಚೂರು ಬಗ್ಗಿಸಿದರೆ ಸರಿಹೋಗುತ್ತಿತ್ತು. ಅದನ್ನು ತಾನು ನೋಡಿದ್ದು ತಳ್ಳುಗಾಡಿ ಬರುವ ಮೊದಲೋ, ಬಂದ ಮೇಲೋ? ನೆನೆದಷ್ಟೂ ಹಿಂದುಮುಂದಾಗುತ್ತಿತ್ತು.

"ಆಪರೇಷನ್ ಮುಗೀತಾ ಡಾಕ್ಟ್ರೇ?" ಅಂದಳು ಅಕ್ಕ. "ಒಂದೆರಡು ಬೋಲ್ಟ್ ಉಳಿದಿದ್ರೆ ಕೊಡು, ಗುಂಡಿ ಡಬ್ಬೀಲಿ ಹಾಕಿಡ್ತೀನಿ."

ಇನ್ನೊಂದು ಸಲ ಕೂರಬೇಕು ಎಂದ. ಬೆಳಗಿನಿಂದ ಹತ್ತೋದು ಇಳಿಯೋದೇ ಆಯಿತು ಎಂದು ಗೊಣಗುತ್ತ ಅವಳು ಬಂದಳು. ಅವನು ಗೋಡೆಯ ಪಕ್ಕ ಗಾಡಿಯನ್ನು ನೇರ ನಿಲ್ಲಿಸಿ ಕೂತ. ಹಿಂದೆ ಅವಳು ಹತ್ತಿದಳು. ಬಿಚ್ಚುವಾಗ ತೆಗೆದಿಟ್ಟಿದ್ದ ಕನ್ನಡಿಯನ್ನು ಆಗಷ್ಟೇ ತಿರುಗಿಸಿ ಹಾಕಿದ್ದ. ಅದರಲ್ಲಿ ಮನೆಯ ಕಿಟಕಿ ಕಂಡಿತು. ಕಿಟಕಿಯ ಸರಳನ್ನು ಅಕ್ಕನ ಎಡಗೈ ಹಿಡಿದಿತ್ತು. ಬೆರಳ ಗೆಣ್ಣು ಬಿಳಿಚಿದ್ದವು.

"ಅಕ್ಕ, ಕೈ ಬಿಡು."

"ಯಾವ ಕೈ?" ಅಂದಳು. "ಹಿಡ್ಕೊಂಡಿದ್ದೀನಾ? ನಂಗೇ ಗೊತ್ತಾಗ್ಲಿಲ್ಲ ಕಣೋ."

ಆದರೆ ಕೈ ಬಿಡಲಿಲ್ಲ. ಅಳತೆ ಕೊಡುವಾಗ ಎಲ್ಲರೂ ಹಾಗೇ ಎಂದಳು. "ಟೇಪ್ ಸುತ್ತಿದ ಕೂಡ್ಲೆ ಹೊಟ್ಟೆ ಒಳಗೆ ಎಳ್ಕೋತಾರೆ. ಬಿಡಿ ಅಂದ್ರೂ ಬಿಡಲ್ಲ. ನಾನು ಹೇಳೋಕೇ ಹೋಗಲ್ಲ, ಒಂದಿಂಚು ಜಾಸ್ತಿ ಇಟ್ಟು ಕತ್ತರಿಸ್ತೀನಿ."

ಅವನು ನಗಲು ನೋಡಿದ. ಆಗಲಿಲ್ಲ.

"ಒಂದ್ ಮಾತು," ಅಂದಳು. "ಆವತ್ತು ಕೈ ಕೊಟ್ಟಿದ್ದು ಈ ಸ್ಪ್ರಿಂಗೇ ಅಲ್ವಾ? ಬಿಚ್ಚಿ ನೋಡಿದೋನು ನೀನು. ನಿಂಗೆ ಗೊತ್ತಿರತ್ತೆ."

ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ, ಕೈ ಮಾತ್ರ. ಎದುರಿಗೆ ಹಳೆಯ ಪತ್ರಿಕೆಯ ಮೇಲೆ ಬಿಚ್ಚಿ ತೆಗೆದ ಎರಡು ಸ್ಪ್ರಿಂಗೂ ಅಕ್ಕಪಕ್ಕ ಮಲಗಿದ್ದವು.

"ಹೂಂ," ಎಂದ.

ಕಿರುಬೆರಳು ಮೊದಲು ಸಡಿಲವಾಯಿತು. ಆಮೇಲೆ ಉಳಿದವು ಒಂದೊಂದೇ ಸರಳನ್ನು ಬಿಟ್ಟವು. ಫೋರ್ಕು ಒಂಚೂರು ಕೆಳಗಿಳಿದದ್ದು ಅವನ ಅಂಗೈಗೆ ತಿಳಿಯಿತು. ಇಳಿದು ಅಳೆದರೆ ಮೂವತ್ತೆಂಟು. ಇನ್ನೊಂದು ಸಲ ಕೂತರು, ಮತ್ತೆ ಮೂವತ್ತೆಂಟು. ಅವನು ಲೆಕ್ಕ ಹಾಕಿಟ್ಟುಕೊಂಡಿದ್ದದ್ದೂ ಅಷ್ಟೇ.

ನಾಳೆ ಎಂಟಕ್ಕೇ ಹೊರಡೋಣ, ಬಸ್ಸಿಗೆ ಹೊತ್ತು ದಂಡ ಮಾಡಿದ್ದು ಸಾಕು ಎಂದು ಅಕ್ಕ ಟೇಪನ್ನು ಎಡಗೈಯಲ್ಲೇ ಸುತ್ತಿಕೊಂಡಳು. ಒಳಗೆ ಹೋಗುವವಳು ಬಗ್ಗಿ ಹಳೆಯ ಸ್ಪ್ರಿಂಗುಗಳನ್ನು ಎತ್ತಿಕೊಂಡಳು. ಗುಜರಿಗೆ ಹಾಕಬೇಡ, ಕತ್ತರಿಸುವಾಗ ಬಟ್ಟೆ ಸರಿಯದಂತೆ ಮೇಲಿಡಲು ತನಗೆ ಬೇಕು ಎಂದಳು. ಈಗ ಬಲಗೈ ಒತ್ತಿ ಹಿಡಿಯುವುದಿಲ್ಲವಲ್ಲ.

ಅವು ಅವಳ ಮೇಜಿನ ಮೇಲೆಯೇ ಉಳಿದವು, ಬಟ್ಟೆಯ ಎರಡು ತುದಿಗೆ ಒಂದೊಂದು. ಊಟಕ್ಕೆ ಕೂತರೆ ಅವನ ಜಾಗದಿಂದ ಎರಡೂ ಕಾಣುತ್ತಿದ್ದವು. ದಿನಾ ಬೆಳಿಗ್ಗೆ ಎಂಟಕ್ಕೆ ಅಕ್ಕ ಹಿಂದೆ ಕೂರುತ್ತಿದ್ದಳು. ಆವತ್ತು ತಾನು ರಸ್ತೆ ನೋಡುತ್ತಿರಲಿಲ್ಲ ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.